ಎಲೆಹಕ್ಕಿಗೆ ಹೊಂದುವ ಸೀರೆ

ಅಫಜಲಪುರ

ಅಫಜಲಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಫಾಲ್ಸು, ಲಂಗದ ಬಟ್ಟೆ ಮಾರುತ್ತೇನೆ. ಸೀರೆಯ ತುದಿ ಹಿಡಿದು ಬಂದವರಿಗೆ ಅದಕ್ಕೆ ಹೊಂದುವ ಬಟ್ಟೆಯನ್ನು ಕಣ್ಣು ಮುಚ್ಚಿ ತೆಗೆದುಕೊಡುತ್ತೇನೆ ಎಂಬ ಜಂಭ ನನಗೆ ಮೊದಲಿನಿಂದಲೂ ಇದೆ. ಆ ಜಂಭ ವಿಮಾನ ಹತ್ತಿ, ಸಮುದ್ರ ದಾಟಿ ಹೋಗಿ ಏನು ಮಾಡಿತು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಬಾಲಿಯ ಕಡಲತೀರ, ಸೂರ್ಯಾಸ್ತಗಳ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಬೇಕು. ನಾನು ಸಮುದ್ರ ನೋಡಿದ್ದು ಕಾರಿನ ಕಿಟಕಿಯಿಂದ, ಅದೂ ವಾಂತಿ ತಡೆದುಕೊಳ್ಳುತ್ತ.

ಮಗಳು ಭಾಗ್ಯಾ ಬಾಲಿಯ ಒಂದು ಹೋಟೆಲಿನಲ್ಲಿ ಕೇಕು, ಬ್ರೆಡ್ಡು ಮಾಡುವ ಕೆಲಸದಲ್ಲಿದ್ದಾಳೆ. ಅದೇ ಅಡುಗೆಮನೆಯಲ್ಲಿ ಕೆಲಸ ಮಾಡುವ ವಯಾನ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಅಂದಳು. ಮನೆಯಲ್ಲಿ ಆಗಬೇಕಾದ ಗದ್ದಲವೆಲ್ಲ ಆಯಿತು, ತಣ್ಣಗೂ ಆಯಿತು. ಉಳಿದದ್ದು ಮನೆ ನೋಡುವ ಶಾಸ್ತ್ರ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಗೆ ಹೋಗಿ ಹೊಲ, ನೀರು, ಅಡುಗೆಮನೆ, ಅತ್ತೆಯಾಗುವವಳ ಮುಖ ಎಲ್ಲ ನೋಡಿ ಬರಲೇಬೇಕು. ನಮ್ಮ ಮನೆಯವರಿಗೆ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಹಂಗಾಮಿನಲ್ಲಿ ಅವರಿಗೆ ರಜೆ ಸಿಗುವುದಿಲ್ಲ.

"ನೀನ ಹೋಗಿ ಬಾ," ಅಂದರು. "ಹುಡುಗನ್ನ ಮಗಳು ನೋಡ್ಯಾಳ, ನೀ ಮನಿ ನೋಡು. ಖರೆ ಅಲ್ಲಿ ನಿನ್ನ ಅಂಗಡಿ ಮಾತು ತಗೀಬ್ಯಾಡ."

ಅಂಗಡಿ ಮಾತು ಅಂದರೆ ನನ್ನ ಹೊಗಳಿಕೆ. ಎದುರಿಗೆ ಬಂದವರನ್ನು ಹೊಗಳದೆ ಬಿಟ್ಟರೆ ನನಗೆ ತಿಂದ ಅನ್ನ ಕರಗುವುದಿಲ್ಲ.

ಅವರ ಕಡೆಯೂ ಒಂದು ತೊಡಕಿತ್ತು. ವಯಾನ್‌ನ ಅಪ್ಪ ಮಾದೆಯವರು ಇನ್ನೂ ಒಪ್ಪಿರಲಿಲ್ಲ. "ಹುಡುಗಿಯ ತಾಯಿ ಬರಲಿ, ನೋಡಿ ಹೇಳುತ್ತೇನೆ" ಅಂದಿದ್ದರಂತೆ. ಆ ಮನೆಯಲ್ಲಿ ಅವರ ಮಾತೇ ಕೊನೆ. ಹೀಗಾಗಿ ನಾನು ಮನೆ ನೋಡಲು ಹೊರಟಿದ್ದೆ, ಅವರು ನನ್ನನ್ನು ನೋಡಲು ಕಾಯುತ್ತಿದ್ದರು.

ವಿಡಿಯೋ ಕಾಲ್‌ನಲ್ಲಿ ಮಾದೆಯವರನ್ನು ಒಮ್ಮೆ ಕಂಡಿದ್ದೆ. ಮಗನನ್ನು ಪಕ್ಕಕ್ಕೆ ಸರಿಸಿ ಒಂದು ಪಂಜರವನ್ನು ಮುಂದೆ ಹಿಡಿದರು. ಒಳಗೆ ಒಂದು ಎಲೆಹಕ್ಕಿ. ನಮ್ಮ ಗುಬ್ಬಿಗಿಂತ ತುಸು ದೊಡ್ಡದು, ಮೈಯೆಲ್ಲ ಈಗಷ್ಟೇ ಚಿಗುರಿದ ಎಲೆಯ ಹಸಿರು, ಮುಖ ಮತ್ತು ಗಂಟಲಿಗೆ ಕಪ್ಪು, ಆ ಕಪ್ಪಿನ ಮೇಲೆ ಕೊಕ್ಕಿನ ಬುಡದಿಂದ ಇಳಿದ ಸಣ್ಣ ನೀಲಿ ಗೆರೆ. ಹೆಸರು ರಾಜಾ. ಹಾಡಿನ ಪಂದ್ಯಗಳಿಗೆ ಹೋಗುವ ಹಕ್ಕಿ, ಮನೆಯಲ್ಲಿ ಮಗನಿಗಿಂತ ಅದಕ್ಕೇ ಮರ್ಯಾದೆ ಎಂದು ಭಾಗ್ಯಾ ಹೇಳಿದಳು.

ಬೀಗರಾಗುವವರ ಮನಸ್ಸು ಗೆಲ್ಲುವ ದಾರಿ ನನಗೆ ಆ ಕ್ಷಣವೇ ಹೊಳೆಯಿತು. ಅಂಗಡಿಯ ತಾನುಗಳನ್ನೆಲ್ಲ ಎಳೆದು ಅದೇ ಹಸಿರನ್ನು ಹುಡುಕಿದೆ. ಅದೇ ಹಸಿರಿನ ಸೀರೆ, ಕಪ್ಪು ಬ್ಲೌಸು, ಕೊರಳಿಗೆ ನೀಲಿ ಪೈಪಿಂಗು. ಓಡಾಡಲು ಹಸಿರು ಚೂಡಿದಾರ, ಕಪ್ಪು ವೇಲು. ಬಟ್ಟೆ ಉಳಿಯಿತೆಂದು ಒಂದು ನೈಟಿಯನ್ನೂ ಹೊಲಿಸಿದೆ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಮ್ಯಾಚಿಂಗ್ ಮಾಡಿರಲಿಲ್ಲ.

ಇಳಿದ ದಿನ

ವಿಮಾನ ನಿಲ್ದಾಣದಿಂದ ಭಾಗ್ಯಾಳ ಬಾಡಿಗೆ ಕೋಣೆಯ ಬೀದಿಗೆ ಬಂದು ಕಾರಿನಿಂದ ಕಾಲು ಕೆಳಗಿಟ್ಟೆ, ಕೂಡಲೇ ಹಿಂದಕ್ಕೆಳೆದುಕೊಂಡೆ. ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಅನ್ನದ ಅಗುಳು, ಉರಿಯುವ ಊದುಬತ್ತಿ. ಸರಿಯಾಗಿ ದಾರಿಯ ನಡುವೆ. ನಮ್ಮಲ್ಲಿ ಮೂರು ದಾರಿ ಕೂಡುವ ಕಡೆ ದೃಷ್ಟಿ ತೆಗೆದು ಒಗೆದ ಲಿಂಬೆಹಣ್ಣು, ಮೆಣಸಿನಕಾಯಿ ಕಂಡರೆ ನಾವು ಹತ್ತಿರವೂ ಸುಳಿಯುವುದಿಲ್ಲ. ತುಳಿದವರಿಗೆ ಅದು ಅಂಟಿಕೊಳ್ಳುತ್ತದೆ. ಒಂದನ್ನು ದಾಟಿದೆ, ಮುಂದೆ ಇನ್ನೊಂದು. ಅಂಗಡಿ ಮುಂದೆ, ಮೆಟ್ಟಿಲ ಮೇಲೆ, ಸ್ಕೂಟರಿನ ಸೀಟಿನ ಮೇಲೆ. ಇಡೀ ದ್ವೀಪಕ್ಕೇ ಯಾರೋ ದೃಷ್ಟಿ ತೆಗೆದಿದ್ದಾರೆ ಅನ್ನಿಸಿತು. ಸೀರೆ ಎತ್ತಿಕೊಂಡು ಕುಂಟಬಿಲ್ಲೆ ಆಡುವವಳ ಹಾಗೆ ಜಿಗಿಯುತ್ತ ಹೊರಟೆ.

"ಅವ್ವಾ, ಮಂದಿ ನೋಡಾಕತ್ತಾರ! ಅದು ದೃಷ್ಟಿ ಅಲ್ಲ. ದಿನಾ ಮುಂಜಾನೆ ದೇವರಿಗೆ ಇಡ್ತಾರ," ಭಾಗ್ಯಾ ಅಂದಳು.

"ದೇವರಿಗೆ ಇಟ್ಟಿದ್ದು ನೆಲದ ಮ್ಯಾಲ ಯಾಕ ಬೇ?"

"ಮ್ಯಾಲಿನೋರಿಗೆ ಮ್ಯಾಲ ಇಡ್ತಾರ, ಕೆಳಗಿನೋರಿಗೆ ಕೆಳಗ. ಭೂತ ಪಿಶಾಚಿಗೂ ಒಂದ್ ತುತ್ತು ಇರಲಿ ಅಂತ."

ನಮ್ಮಲ್ಲಿ ಭೂತಕ್ಕೆ ಹೆದರಿ ಓಡುತ್ತೇವೆ, ಇವರು ಊಟಕ್ಕೆ ಕೂರಿಸುತ್ತಾರೆ. ಇಂಥ ಮಂದಿಯ ಮನೆಗೆ ಮಗಳನ್ನು ಕೊಡಬಹುದು ಅನ್ನಿಸಿತು. ಹಾಗೆ ಅಂದುಕೊಳ್ಳುತ್ತಲೇ ಇನ್ನೊಂದು ತಟ್ಟೆಯನ್ನು ತುಳಿದೆ.

ಬೀಗರ ಮನೆ

ಮರುದಿನ ಹೊಸ ಸೀರೆ ಉಟ್ಟು ಅವರ ಹಳ್ಳಿಗೆ ಹೋದೆ. ಕಲ್ಲಿನ ಬಾಗಿಲು ಎತ್ತರವಾಗಿತ್ತು. ಒಳಗಿನಿಂದ ಒಂದು ಹಾಡು ಕೇಳುತ್ತಿತ್ತು. ಒಂದು ಗಳಿಗೆ ಕೊಳಲಿನ ಹಾಗೆ, ಮತ್ತೊಂದು ಗಳಿಗೆ ಬೇರೆ ಹಕ್ಕಿಗಳನ್ನು ಅಣಕಿಸುವ ಹಾಗೆ, ನಡುವೆ ಯಾರದೋ ಸ್ಕೂಟರಿನ ಹಾರ್ನಿನ ಹಾಗೆ. ಅಷ್ಟು ಸಣ್ಣ ಎದೆಯಲ್ಲಿ ಅಷ್ಟು ದನಿ ಎಲ್ಲಿ ಹಿಡಿಸುತ್ತದೋ! ಕೇಳುತ್ತ ನಿಂತರೆ ಬಂದ ಕೆಲಸ ಮರೆತೇಹೋಯಿತು.

"ಅದ ರಾಜಾ," ಭಾಗ್ಯಾ ಪಿಸುಗುಟ್ಟಿದಳು. "ಅವ್ವಾ, ಕೈ ಮುಗೀತೇನಿ ನಿನಗ. ಸ್ವಲ್ಪ ಬಾಯಿ ಬಿಗಿ ಹಿಡಿ. ಇವತ್ತ ಇವರು ಬ್ಯಾಡ ಅಂದ್ರ ವಯಾನ್ ಅಪ್ಪನ ಮಾತು ಮೀರಂಗಿಲ್ಲ."

ಮಗಳ ಕಣ್ಣಲ್ಲಿ ಆ ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬಲಗಾಲು ಮುಂದಿಟ್ಟು, ಕೈ ಮುಗಿದು, ತಲೆ ಬಾಗಿಸಿ ಒಳಗೆ ನುಗ್ಗಿದೆ. ಧಡ್ ಅಂತ ಹಣೆ ಗೋಡೆಗೆ ಬಡಿಯಿತು. ಬಾಗಿಲಿನ ಒಳಗೇ ಅಡ್ಡಲಾಗಿ ಒಂದು ಗಿಡ್ಡ ಗೋಡೆ ಕಟ್ಟುವುದು ಅಲ್ಲಿಯ ಪದ್ಧತಿ. ಕೆಟ್ಟ ಶಕ್ತಿಗಳು ನೇರವಾಗಿ ಮಾತ್ರ ನಡೆಯುತ್ತವಂತೆ, ತಿರುವು ತಿಳಿಯದೆ ಆ ಗೋಡೆಗೆ ಬಡಿದು ವಾಪಸು ಹೋಗುತ್ತವಂತೆ. ಬೀಗರ ಎದುರಿಗೆ ನನ್ನ ಪ್ರವೇಶ ಆದದ್ದು ಹೀಗೆ.

ಮಾದೆಯವರು ನಗಲಿಲ್ಲ. ತಲೆಗೆ ಬಟ್ಟೆ ಸುತ್ತಿದ, ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಕೈ ಮುಗಿದು "ಓಂ ಸ್ವಸ್ತ್ಯಸ್ತು" ಅಂದರು. ನಾನು "ಶರಣ್ರಿ" ಅಂದೆ. ಅವರ ಹೆಂಡತಿ ಕೆತುತ್ ಅಮ್ಮ ನನ್ನ ಹಣೆಗೆ ಎಂಥದೋ ಎಣ್ಣೆ ತಿಕ್ಕಿದರು. ಅಲ್ಲಿ ಹೆಸರಿಡುವುದು ಹುಟ್ಟಿದ ಸರದಿ ನೋಡಿ. ಹಿರಿಯ ಮಗು ಬಹಳ ಮನೆಗಳಲ್ಲಿ ವಯಾನ್. ಬೀದಿಯಲ್ಲಿ "ವಯಾನ್" ಎಂದು ಕೂಗಿದರೆ ಹತ್ತಾರು ತಲೆ ಹೊರಳುತ್ತವೆ. ಘತ್ತರಗಿಯ ಭಾಗ್ಯವಂತಿ ದೇವಿಯ ಕೃಪೆಯಿಂದ ನಮ್ಮ ಓಣಿಯಲ್ಲಿ "ಭಾಗ್ಯಾ" ಅಂದರೂ ಅದೇ ಕಥೆ, ಹಾಗಾಗಿ ನನಗೆ ಪರಕೀಯ ಅನ್ನಿಸಲಿಲ್ಲ.

ಆಮೇಲೆ ಮಾದೆಯವರು ನನ್ನನ್ನು ಪಂಜರದ ಮುಂದೆ ಕರೆದೊಯ್ದರು. ನಾನು ಬಾಯಿ ಬಿಗಿ ಹಿಡಿಯಬೇಕಾಗಿದ್ದ ಗಳಿಗೆ ಅದು.

"ಅಬಬಬಾ! ಏನ್ ಬಣ್ಣರೀ, ಏನ್ ದನಿರೀ! ಇಂಥ ಹಸಿರು ಸೂರತ್ತಿನ ಮಾಲಿನಾಗೂ ನೋಡಿಲ್ರಿ! ಸಾಕ್ಷಾತ್ ಗಂಧರ್ವ ಇದ್ದಂಗ ಅದಾನ್ರಿ!" ಎಂದು ಎರಡೂ ಕೈ ಚಾಚಿ ಪಂಜರಕ್ಕೆ ಮೂಗು ತಾಗಿಸಿದೆ.

ರಾಜಾ ಅರ್ಧ ಹಾಡಿನಲ್ಲಿ ನಿಲ್ಲಿಸಿದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಹಿಂದೆ ಸರಿದು ಪಂಜರದ ಮೂಲೆ ಸೇರಿ ಪುಕ್ಕ ಮುದುಡಿಕೊಂಡು ಕೂತ. ಅಲ್ಲಿಂದ ಮುಂದೆ ಒಂದು ಕಿಚ್ ಎಂಬ ದನಿಯೂ ಬರಲಿಲ್ಲ.

ಬೆಟ್ಟದ ಕಾಡು

ಭಾನುವಾರದವರೆಗೆ ನಮ್ಮ ಬಿಡಾರ ಬೀಗರ ಮನೆಯಲ್ಲೇ. ನಾಳೆ ಹಾಡೀತು ಎಂದುಕೊಂಡರೆ ಮರುದಿನವೂ ಮೌನ. ನಾನು ಪಾಪದ ಹಕ್ಕಿಗೆ ಸಮಾಧಾನ ಹೇಳೋಣವೆಂದು ಹೊತ್ತು ಹೊತ್ತಿಗೆ ಹೋಗಿ ಪಂಜರದ ಮುಂದೆ ಕೂರುತ್ತಿದ್ದೆ, ಹಸಿರು ನೈಟಿಯಲ್ಲಿ. ನಾನು ಹೋದಷ್ಟೂ ಅದು ಮುದುಡುತ್ತಿತ್ತು. ಭಾನುವಾರ ಪಕ್ಕದ ಊರಿನ ಬಯಲಲ್ಲಿ ಪಂದ್ಯ. ಮಾದೆಯವರು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಬೇಸರ ಬಂದ ಹಕ್ಕಿಗೆ ಕಾಡಿನ ಹಕ್ಕಿಗಳ ದನಿ ಕೇಳಿಸಿದರೆ ಬಾಯಿ ಬಿಡುತ್ತದಂತೆ. ಮಾದೆಯವರು ಪಂಜರ ಹಿಡಿದು ಬೆಟ್ಟದ ಕಾಡಿಗೆ ಹೊರಟರು. ಭಾಗ್ಯಾ, ವಯಾನ್ ಜತೆಗಿದ್ದರು. ಬೇಡವೆಂದರೂ ನಾನೂ ಹೊರಟೆ, ಹಸಿರು ಚೂಡಿದಾರದಲ್ಲಿ. ಕಾರಿನಲ್ಲಿ ಪಂಜರ ನನ್ನ ತೊಡೆಯ ಮೇಲೆಯೇ ಇತ್ತು.

ನಮ್ಮ ಕಡೆಯ ಬಯಲಿನಲ್ಲಿ ಮರ ಅಂದರೆ ಬದುವಿಗೊಂದು ಬೇವು, ಊರಿಗೊಂದು ಆಲ. ಹಕ್ಕಿ ಕೂತರೆ ಕಾಣುತ್ತದೆ, ಹಾರಿದರೂ ಕಾಣುತ್ತದೆ. ಇಲ್ಲಿ ಮಂಜು, ಪಾಚಿ, ಕತ್ತಲೆ. ನೂರು ದನಿ ಕೇಳುತ್ತದೆ, ಒಂದೂ ಕಾಣುವುದಿಲ್ಲ. ವಯಾನ್ ಬೆರಳು ತೋರಿಸಿದ ಕಡೆಯೆಲ್ಲ ನನಗೆ ಎಲೆಗಳೇ ಕಂಡವು. ಕತ್ತು ನೋಯತೊಡಗಿದಾಗ ಎದುರಿನ ಟೊಂಗೆಯ ಮೇಲೆ ಹೆಬ್ಬೆರಳಷ್ಟೇ ಒಂದು ಹಕ್ಕಿ ಬಂದು ಕೂತಿತು. ಬೆನ್ನು ಕಪ್ಪು ನೀಲಿ, ಎದೆಗೆ ಕಡುಗೆಂಪು. ಕರಿ ಇಳಕಲ್ ಸೀರೆಗೆ ಕೆಂಪು ಸೆರಗು ಹೊಂದಿಸಿದ ಹಾಗೆ. ಬಂದಳಿಕೆ ಹಣ್ಣು ತಿನ್ನುವ ಬದನಿಕೆ ಹಕ್ಕಿ ಅದು ಎಂದು ಆಮೇಲೆ ತಿಳಿಯಿತು.

"ಬೇ ಭಾಗ್ಯಾ! ನೋಡಲ್ಲೇ!" ಅಂದೆ.

ನಾವು ಮಾತಾಡಿ ರೂಢಿಯಾದದ್ದು ಈ ಹೊಲದಿಂದ ಆ ಹೊಲಕ್ಕೆ. ಹಕ್ಕಿ ಹೋಯಿತು. ಕಾಡಿನ ಉಳಿದ ದನಿಗಳೂ ಒಮ್ಮೆಲೇ ನಿಂತವು. ಮಾದೆಯವರು ತುಟಿಯ ಮೇಲೆ ಬೆರಳಿಟ್ಟರು. ರಾಜಾ ಪಂಜರದಲ್ಲಿ ಕಲ್ಲಿನ ಹಾಗೆ ಕೂತಿದ್ದ.

ಆಮೇಲೆ ಮಾದೆಯವರು ಮೆಲ್ಲಗೆ ಏನೋ ಹೇಳಿದರು. ಭಾಗ್ಯಾ ನನ್ನ ಮುಖ ನೋಡದೆ ಅನುವಾದಿಸಿದಳು. "ಅವರು ಸಣ್ಣವರಿದ್ದಾಗ ಈ ಕಾಡಿನ್ಯಾಗ ಹಕ್ಕಿ ದನಿಗೆ ಮನಿಷ್ಯಾರ ಮಾತು ಕೇಳ್ತಿದ್ದಿಲ್ಲಂತ. ಈಗ ಎಲ್ಲಾ ಹಿಡದು ಹಿಡದು ಪಂಜರದಾಗ ಹಾಕೇವಿ, ಅದರಾಗ ನಂದೂ ತಪ್ಪು ಅದ ಅಂತಾರ. ರಾಜಾ ಅವರ ಮನಿಯಾಗ ತತ್ತಿ ಒಡದು ಹುಟ್ಟಿದ್ದು. ಕೈತುತ್ತು ಕೊಟ್ಟು ಬೆಳಿಸ್ಯಾರ. ಅದು ಎಂದೂ ಹಿಂಗ ಬಾಯಿ ಮುಚ್ಚಿಲ್ಲ. ನೀ ಬಂದ ದಿನದಿಂದ... ನೀ ಏನರ ಮಾಡೀಯೇನು ಅಂತ ಕೇಳಾಕತ್ತಾರ ಅವ್ವಾ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಏನು ಮಾಡಿದೆನೆಂದು ನನಗೆ ಗೊತ್ತಿತ್ತು. ಎಳೆ ಮಗುವನ್ನು ಯಾರಾದರೂ ಬಾಯಿತುಂಬ ಹೊಗಳಿದರೆ ನಾವು ಕೂಡಲೇ ಅದರ ಕೆನ್ನೆಗೆ ಕಪ್ಪು ಇಡುತ್ತೇವೆ. ನಾನು ಆ ಕೂಸಿನಂಥ ಹಕ್ಕಿಯನ್ನು ಗಂಧರ್ವ ಅಂದಿದ್ದೆ. ನನ್ನ ಕಣ್ಣು ತಾಗಿತ್ತು. ನನ್ನ ಕಣ್ಣಿನಿಂದಲೇ ನನ್ನ ಮಗಳ ಸಂಬಂಧ ಮುರಿಯುವುದರಲ್ಲಿತ್ತು.

ಪಂದ್ಯದ ಬಯಲು

ನಾವು ಬಸವಣ್ಣನವರನ್ನು ನಂಬಿದ ಮನೆತನ. ದೃಷ್ಟಿ, ಶಕುನ ಎಲ್ಲ ಸುಳ್ಳು ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅವ್ವ ಹೌದು ಹೌದು ಅನ್ನುತ್ತಲೇ ಒಲೆಗೆ ಮೆಣಸಿನಕಾಯಿ ಹಾಕುತ್ತಿದ್ದಳು. ನಾನು ಅಪ್ಪನ ಮಾತು ಒಪ್ಪುತ್ತೇನೆ, ಅವ್ವನ ಕೆಲಸ ಮಾಡುತ್ತೇನೆ.

ಭಾನುವಾರದ ಬಯಲಲ್ಲಿ ತಗಡಿನ ಚಪ್ಪರದ ಕೆಳಗೆ ಸಾಲುಸಾಲು ಪಂಜರ ತೂಗುಹಾಕಿದ್ದರು. ಸುತ್ತ ಹಗ್ಗ. ಹಗ್ಗದ ಹೊರಗೆ ಹಕ್ಕಿಯ ಯಜಮಾನರು ನಿಂತು ಕುಸ್ತಿ ಕಣದಲ್ಲಿ ಪೈಲ್ವಾನರಿಗೆ ಕೂಗುವ ಹಾಗೆ ತಮ್ಮ ತಮ್ಮ ಹಕ್ಕಿಗೆ ಕೂಗುತ್ತಾರೆ. ಒಳಗೆ ತೀರ್ಪುಗಾರರು ಬಾವುಟ ಹಿಡಿದು ಗಂಭೀರವಾಗಿ ತಿರುಗುತ್ತಾರೆ. ಎಲ್ಲ ಎಲೆಹಕ್ಕಿಗಳೂ ಗಂಟಲು ಹರಿಯುವಂತೆ ಹಾಡುತ್ತಿದ್ದವು. ನಮ್ಮ ರಾಜಾ ಮಾತ್ರ ಹಗ್ಗದಾಚೆ ಹೊಸ ಸೀರೆಯಲ್ಲಿ ನಿಂತ ನನ್ನನ್ನೇ ನೋಡುತ್ತ ಮುದುಡಿದ್ದ. ಮಾದೆಯವರು ಕೂಗಲಿಲ್ಲ. ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದರು.

ಅದನ್ನು ನೋಡಲು ನನ್ನಿಂದಾಗಲಿಲ್ಲ. ಚಟ್ನಿಗೆಂದು ಊರಿನಿಂದ ತಂದ ಒಣಮೆಣಸಿನಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದೆ. ಬಯಲಿನ ಅಂಚಿನಲ್ಲಿ ಒಬ್ಬ ಕಡ್ಡಿಗೆ ಮಾಂಸ ಚುಚ್ಚಿ ಕೆಂಡದ ಮೇಲೆ ಸುಡುತ್ತಿದ್ದ. ಸನ್ನೆ ಮಾಡಿ, ಬೇಡಿಕೊಂಡು ಒಂದಿಷ್ಟು ಕೆಂಡವನ್ನು ತಗಡಿನ ತಟ್ಟೆಯಲ್ಲಿ ಹಾಕಿಸಿಕೊಂಡೆ. ಯಾವ ಒಲೆಯ ಕೆಂಡ ಎಂಬುದನ್ನು ನಮ್ಮ ಅತ್ತೆಗೆ ದಯವಿಟ್ಟು ಯಾರೂ ಹೇಳಬಾರದು. ಹಗ್ಗದ ಹೊರಗಿನಿಂದಲೇ ರಾಜಾನ ಕಡೆ ಮೂರು ಸಲ ನಿವಾಳಿಸಿ, "ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು, ನನ್ನ ಸುಡುಗಾಡು ಕಣ್ಣು" ಎಂದು ಮೆಣಸಿನಕಾಯಿಯನ್ನೆಲ್ಲ ಕೆಂಡಕ್ಕೆ ಸುರಿದೆ.

ಇಲ್ಲೊಂದು ಮಾತು ಗೊತ್ತಿರಬೇಕು. ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ದೃಷ್ಟಿ ಆಗಿರದಿದ್ದರೆ ಮಾತ್ರ ಘಾಟು. ಇದು ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ಪರೀಕ್ಷೆ.

ಘಾಟು ಬಂತು. ಅಂಥ ಘಾಟು ನಾನು ಅಫಜಲಪುರದಲ್ಲೂ ಕಂಡಿಲ್ಲ. ಗಾಳಿ ಅದನ್ನು ನೇರವಾಗಿ ಚಪ್ಪರದೊಳಗೆ ಹೊತ್ತೊಯ್ದಿತು. ಮೊದಲು ಒಬ್ಬ ತೀರ್ಪುಗಾರ ಸೀನಿದ. ಆಮೇಲೆ ಎಲ್ಲರೂ ಕೆಮ್ಮಿದರು, ಕಣ್ಣೊರೆಸಿಕೊಂಡರು, ಬಾವುಟ ಬಿಸಾಕಿ ಓಡಿದರು. ಯಜಮಾನರು ಹಗ್ಗ ಹಾರಿ ಪಂಜರಗಳನ್ನು ಬಾಚಿಕೊಂಡು ಗಾಳಿ ಬರುವ ಕಡೆಗೆ ಧಾವಿಸಿದರು. ಹಕ್ಕಿಗಳಿಗೆ ಖಾರ ತಾಗುವುದಿಲ್ಲವಂತೆ, ಅವು ಮನುಷ್ಯರ ಕೆಮ್ಮನ್ನು ಕುತೂಹಲದಿಂದ ನೋಡುತ್ತಿದ್ದವು. ಆ ಗದ್ದಲದ ನಡುವೆ ನಾನೊಬ್ಬಳು ಮೂಗು ಬಾಯಿಂದ ನೀರು ಸುರಿಸುತ್ತ ಕುಣಿಯುತ್ತಿದ್ದೆ.

"ಘಾಟು ಬಂತು ಬೇ ಭಾಗ್ಯಾ! ನನ್ನ ಕಣ್ಣು ತಾಗಿಲ್ಲ! ನನ್ನ ಕಣ್ಣು ಚಲೋ ಅದ!"

ಭಾಗ್ಯಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು. ಅವಳನ್ನು ನೋಡಿದ ಮೇಲೆ ನನ್ನ ಕುಣಿತ ನಿಂತಿತು. ಪಂದ್ಯ ರದ್ದಾಯಿತು. ಮಾದೆಯವರು ಪಂಜರಕ್ಕೆ ಬಟ್ಟೆ ಹೊದಿಸಿ ಯಾರೊಂದಿಗೂ ಮಾತಾಡದೆ ಮನೆಯ ದಾರಿ ಹಿಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಬೀಗರ ಮನೆ

ಈ ಸಲ ಗೋಡೆಯನ್ನು ಸುತ್ತಿಕೊಂಡೇ ಒಳಗೆ ಹೋದೆ. ಕ್ಷಮೆ ಕೇಳಿ, ಗಂಟುಮೂಟೆ ಕಟ್ಟುವುದೆಂದು ನಿಶ್ಚಯಿಸಿದ್ದೆ. ಮಾದೆಯವರು ಪಂಜರ ತೂಗುಹಾಕಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಮೆಣಸಿನಕಾಯಿ ಯಾಕೆ ಸುಟ್ಟೆ, ಘಾಟು ಬಂದದ್ದರಿಂದ ಏನು ಗೊತ್ತಾಯಿತು ಎಂಬುದನ್ನೆಲ್ಲ ಹೇಳಿದೆ. ಭಾಗ್ಯಾ ಅಳುತ್ತಲೇ ಅನುವಾದಿಸಿದಳು. ಹುಚ್ಚಿ ಎಂದು ನಗುತ್ತಾರೆ ಅಂದುಕೊಂಡಿದ್ದೆ.

ಅವರು ನಗಲಿಲ್ಲ. ತಲೆಯಾಡಿಸುತ್ತ ಪೂರ್ತಿ ಕೇಳಿದರು. ಕೆಟ್ಟ ಶಕ್ತಿಗೆ ಗೋಡೆ ಕಟ್ಟಿದ ಮನುಷ್ಯನಿಗೆ ಮೆಣಸಿನಕಾಯಿಯ ಪರೀಕ್ಷೆ ಬೇಗ ಅರ್ಥವಾಯಿತು.

"'ಕಣ್ಣಲ್ಲ ಅಂದಮ್ಯಾಲ ಬ್ಯಾರೆ ಏನೋ ಇರಬೇಕು' ಅನ್ನಾಕತ್ತಾರ," ಭಾಗ್ಯಾ ಹೇಳಿದಳು.

ಮಾದೆಯವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಹಸಿರು ಸೀರೆ ನೋಡಿದರು. ಕಪ್ಪು ಬ್ಲೌಸು ನೋಡಿದರು. ಕೊರಳಿನ ನೀಲಿ ಪೈಪಿಂಗು ನೋಡಿದರು. ಪಂಜರದ ಕಡೆ ತಿರುಗಿದರು, ಮತ್ತೆ ನನ್ನ ಕಡೆ ತಿರುಗಿದರು. ಹಣೆ ಚಚ್ಚಿಕೊಂಡು ಹೆಂಡತಿಯನ್ನು ಕೂಗಿದರು.

ಗಂಡು ಎಲೆಹಕ್ಕಿ ತನ್ನ ಜಾಗದಲ್ಲಿ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಬಂದವನು ಸಮನಾದರೆ ಹಾಡಿ ಓಡಿಸುತ್ತದೆ, ತನಗಿಂತ ಬಲಿಷ್ಠನಾದರೆ ಬಾಯಿ ಮುಚ್ಚಿ ಮೂಲೆ ಸೇರುತ್ತದೆ. ಬಣ್ಣಕ್ಕೆ ಬಣ್ಣ, ಗೆರೆಗೆ ಗೆರೆ ಹೊಂದಿಸಿಕೊಂಡು, ಎಮ್ಮೆಯಷ್ಟು ದೊಡ್ಡದೊಂದು ಗಂಡು ಎಲೆಹಕ್ಕಿ ಅಫಜಲಪುರದಿಂದ ಬಂದು ರಾಜಾನ ಪಂಜರಕ್ಕೆ ಮೂಗು ತಾಗಿಸಿತ್ತು. ಹೊತ್ತು ಹೊತ್ತಿಗೂ ಬಂದು ಎದುರಿಗೆ ಕೂತಿತ್ತು. ಕಾರಿನಲ್ಲಿ ತೊಡೆಯ ಮೇಲೂ ಕೂರಿಸಿಕೊಂಡಿತ್ತು. ಪಾಪ, ಅದರ ಪ್ರಾಣ ಹೋಗದೆ ಉಳಿದದ್ದೇ ಹೆಚ್ಚು.

ಕೆತುತ್ ಅಮ್ಮ ತಮ್ಮದೊಂದು ಹಳದಿ ಕುಪ್ಪಸ ತಂದು, ನನ್ನನ್ನು ಒಳಗೆ ಎಳೆದೊಯ್ದು, ಕಪ್ಪು ಬ್ಲೌಸು ಬಿಡಿಸಿ ಅದನ್ನು ತೊಡಿಸಿದರು. ಅವರದು ಹುಣಸೆ ಬರಲಿನಂಥ ಮೈ, ನನ್ನದು ಜೋಳದ ಚೀಲ. ಉಸಿರು ಬಿಗಿಹಿಡಿದರೆ ಮಾತ್ರ ಗುಂಡಿ ಹತ್ತುತ್ತಿತ್ತು. ಹೆಣ್ಣು ಎಲೆಹಕ್ಕಿಗೂ ಮೈಯೆಲ್ಲ ಹಸಿರೇ, ಗಂಟಲು ಮಾತ್ರ ಹಳದಿಯಂತೆ. ಅದನ್ನು ವಯಾನ್ ಹೇಳುವಷ್ಟರಲ್ಲಿ ನನ್ನನ್ನು ತಂದು ಪಂಜರದ ಮುಂದೆ ನಿಲ್ಲಿಸಿಯಾಗಿತ್ತು.

ರಾಜಾ ತಲೆ ಓರೆ ಮಾಡಿದ. ಮೂಲೆಯಿಂದ ಒಂದು ಹೆಜ್ಜೆ ಬಂದ, ಇನ್ನೊಂದು ಹೆಜ್ಜೆ ಬಂದ. ನೆತ್ತಿಯ ಪುಕ್ಕ ಎದ್ದು ನಿಂತಿತು. ರೆಕ್ಕೆ ಇಳಿಬಿಟ್ಟು, ನನ್ನ ಮುಖವನ್ನೇ ನೋಡುತ್ತ, ತಡೆದಿಟ್ಟ ಹಾಡನ್ನೆಲ್ಲ ಒಮ್ಮೆಲೇ ಹೊರಗೆ ಹಾಕಿದ. ಕೊಳಲು ಬಂತು, ಅಣಕ ಬಂತು, ಸ್ಕೂಟರಿನ ಹಾರ್ನೂ ಬಂತು. ಮದುವೆಯಾದಂದಿನಿಂದ ಈವರೆಗೆ ನನ್ನ ಮುಂದೆ ನಿಂತು ಯಾವ ಗಂಡೂ ಹಾಡಿರಲಿಲ್ಲ. ನಾಚಿಕೆಯಾಯಿತು, ಸಂತೋಷವೂ ಆಯಿತು. ಉಸಿರು ಬಿಡುವಂತಿರಲಿಲ್ಲ, ಬಿಟ್ಟರೆ ಗುಂಡಿ ಹಾರುತ್ತಿತ್ತು.

ಮಾದೆಯವರ ಗಂಟಲಿನಿಂದ ಏನೋ ದನಿ ಬಂತು. ತಿರುಗಿ ನೋಡಿದರೆ ನಗುತ್ತಿದ್ದರು. ಹೊಟ್ಟೆ ಹಿಡಿದು, ಕಣ್ಣೀರು ಒರೆಸಿಕೊಂಡು, ಕಟ್ಟೆ ಬಡಿದು ನಕ್ಕರು. ನಗು ನಿಂತ ಮೇಲೆ ಎದ್ದು ಬಂದು ಭಾಗ್ಯಾಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವಳು ಅನುವಾದಿಸಲಾರದೆ ಬಿಕ್ಕಿದಳು. ನಾನು ಅಲುಗಾಡಿಸಿ ಕೇಳಬೇಕಾಯಿತು.

"'ನಮ್ಮ ರಾಜಾ ಖುದ್ದ ಬೀಗತೀನ್ನ ಒಪ್ಪಿದ ಮ್ಯಾಲ ಬ್ಯಾಡ ಅನ್ನಾಕ ನಾ ಯಾರು' ಅಂದ್ರು ಅವ್ವಾ."

ನಾನೂ ಅತ್ತೆ. ಕುಪ್ಪಸದ ಗುಂಡಿ ಹಾರಿಯೇ ಹೋಯಿತು. ಕೆತುತ್ ಅಮ್ಮ ನಗುತ್ತ ತಮ್ಮ ಮೇಲುಹೊದಿಕೆಯನ್ನು ನನಗೆ ಹೊದಿಸಿದರು.

ಸಂಜೆ ಊರಿಗೆ ಫೋನು ಮಾಡಿದೆ. ಕಾರ್ಖಾನೆಯ ಸದ್ದಿನ ನಡುವೆ ನಮ್ಮ ಮನೆಯವರು ಕೂಗಿ ಕೇಳಿದರು.

"ಮನಿ ಹ್ಯಾಂಗದ?"

"ಭಾಳ ಚಲೋ ಅದರಿ."

"ಬೀಗರು ಒಪ್ಪಿದ್ರೇನು?"

"ಒಪ್ಪಿದ್ರು."

"ನಿನ್ನ ನೋಡಿ ಒಪ್ಪಿದ್ರಾ?" ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ.

ಹೌದು ಅನ್ನಬಹುದಿತ್ತು. ಅಷ್ಟು ದೂರದಿಂದ ಯಾರು ಬಂದು ವಿಚಾರಿಸುತ್ತಾರೆ?

"ಇಲ್ರಿ," ಅಂದೆ. "ಬ್ಲೌಸ್ ನೋಡಿ."